ಮೈಕ್ ಅಮರಪ್ಪನವರ ಇನ್ನೊಂದು ದನಿ

ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಇದು ಸ್ವಭಾವಕ್ಕಿಂತ ಹೆಚ್ಚಾಗಿ ಕಸುಬಿನಿಂದ ಬಂದದ್ದು. ಸಿಂಧನೂರಿನಲ್ಲಿ ಜಿಲ್ಲಾ ಪತ್ರಿಕೆಯೊಂದಕ್ಕೆ ವರದಿಗಾರ್ತಿಯಾಗಿ ಸೇರಿದಾಗ ನನಗೆ ಮೊದಲು ಕಲಿಸಿದ್ದು ಇಷ್ಟೇ: ಕಂಡವರು ಯಾರು, ಎಲ್ಲಿ ನಿಂತು ಕಂಡರು, ಇನ್ನೊಬ್ಬರನ್ನು ಕೇಳಿದೆಯಾ? ಈ ಪ್ರಶ್ನೆಗಳ ಮುಂದೆ ನಿಲ್ಲಬಲ್ಲ ದೆವ್ವವನ್ನು ನಾನು ನೋಡಿರಲಿಲ್ಲ. ಬೇವಿನ ಮರದಿಂದ ಹಾಲು ಸುರಿಯಿತೆಂದರೆ ಹೋಗಿ ನೋಡಿ ಬಂದಿದ್ದೇನೆ. ಪಾಳುಬಾವಿಯಲ್ಲಿ ಗೆಜ್ಜೆಯ ಸದ್ದೆಂದಾಗ ಬಗ್ಗಿ ನೋಡಿದ್ದೇನೆ. ಕೊರಳಿಗೆ ಗಂಟೆ ಕಟ್ಟಿದ ಒಂದು ಮೇಕೆ ಸಿಕ್ಕಿತು, ಅಷ್ಟೇ.

ಆದ್ದರಿಂದ ಮುಂದಿನದನ್ನು ಓದುವಾಗ ನೀವೂ ಅದೇ ಪ್ರಶ್ನೆಗಳನ್ನು ಕೇಳಿ. ನಾನು ಕೇಳಿಕೊಂಡಿದ್ದೇನೆ. ಉತ್ತರ ಸಿಕ್ಕಿದ್ದರೆ ಇದು ಎರಡು ಪ್ಯಾರಾದ ಸುದ್ದಿಯಾಗಿ ಮುಗಿದಿರುತ್ತಿತ್ತು.

ಮಸ್ಕಿಯಲ್ಲಿ ಮೈಕ್ ಅಮರಪ್ಪನವರನ್ನು ಅರಿಯದವರಿಲ್ಲ. ಧ್ವನಿವರ್ಧಕ ಬಾಡಿಗೆಗೆ ಕೊಡುವ ಅಂಗಡಿ ಅವರದು. ಆದರೆ ಜನ ಬಾಡಿಗೆಗೆ ಬೇಡುವುದು ಪೆಟ್ಟಿಗೆಗಿಂತ ಹೆಚ್ಚಾಗಿ ಅವರ ದನಿಯನ್ನು. ಕಾಲುವೆಗೆ ನೀರು ಬಿಡುವ ದಿನ, ಕಣ್ಣಿನ ತಪಾಸಣೆಯ ಶಿಬಿರ, ಕಳೆದುಹೋದ ಎಮ್ಮೆ, ಏನೇ ಇರಲಿ, ಆಟೊದ ನೆತ್ತಿಗೆ ಹಾರನ್ ಕಟ್ಟಿಕೊಂಡು ಅವರೇ ಊರು ಸುತ್ತಬೇಕು. ಯಾರಾದರೂ ತೀರಿಕೊಂಡರಂತೂ ಅವರೇ ಹೇಳಬೇಕು. "ಕೇಳ್ರಿ ಬಂಧುಗಳೇ" ಎಂದು ಶುರು ಮಾಡಿ, ಒಂದು ಉಸಿರು ನಿಲ್ಲಿಸಿ, ಆಮೇಲೆ ಹೆಸರು. ಆ ಒಂದು ಉಸಿರಿನ ಹೊತ್ತು ಊರೆಲ್ಲ ಕೈಕೆಲಸ ಬಿಟ್ಟು ನಿಲ್ಲುತ್ತದೆ. ಅವರ ಬಾಯಿಂದ ಬಾರದ ಸಾವನ್ನು ಮಸ್ಕಿ ಒಪ್ಪುವುದಿಲ್ಲ. "ಅಮರಪ್ಪ ಒದರ್ಯಾನೇನು?" ಎಂದು ಕೇಳಿ, ಇಲ್ಲವೆಂದರೆ "ಹಂಗಾದ್ರ ಇನ್ನಾ ದವಾಖಾನ್ಯಾಗ ಇರಬೇಕು ಬಿಡು" ಎನ್ನುವವರಿದ್ದಾರೆ.

ಒಂದೆರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದು ಭತ್ತದ ಕೊಯ್ಲು ಮುಗಿದ ದಿನಗಳಲ್ಲಿ, ಅವರ ಮಗಳು ಅನ್ನಪೂರ್ಣಳ ನಿಶ್ಚಿತಾರ್ಥ ನಿಗದಿಯಾಗಿತ್ತು. ಅನ್ನಪೂರ್ಣ ಮಸ್ಕಿಯ ಬೀಜ, ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ದಢೇಸುಗೂರಿನವನು, ಕಾಲುವೆ ಪಕ್ಕದ ಗದ್ದೆಯವನು. ಅವನ ಊರಿಗೆ ಸಿಂಧನೂರು ಹತ್ತಿರ. ಅಲ್ಲಿ ಬೀಜದಂಗಡಿಗಳಿಗೆ ಬರವಿಲ್ಲ. ಆದರೂ ಸಿಂಧನೂರು ದಾಟಿ ಮಸ್ಕಿಗೇ ಬೀಜಕ್ಕೆ ಬರುತ್ತಿದ್ದ. ಮನೆಯವರಿಗೆ ವಿಷಯ ತಿಳಿಯುವ ಹೊತ್ತಿಗೆ ಅವನ ಮನೆಯಲ್ಲಿ ಎರಡು ಹಂಗಾಮಿಗಾಗುವಷ್ಟು ಬೀಜ ಕೂಡಿತ್ತಂತೆ. ಎರಡೂ ಮನೆಯವರು ನಕ್ಕು ಒಪ್ಪಿದರು. ಒಪ್ಪಿಗೆ ಕೊಡಲು ತಡ ಮಾಡಿದವರು ಹುಡುಗನ ಅಜ್ಜಿ ಹಂಪಮ್ಮ ಒಬ್ಬರೇ. ಶಕುನ, ಶಾಸ್ತ್ರಗಳಲ್ಲಿ ಅವರದು ಕಟ್ಟುನಿಟ್ಟು.

ಮೊದಲು ಅಮರಪ್ಪನವರ ಮನೆಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ಆ ದಿನ ನನಗೆ ಇದ್ಯಾವುದೂ ಗೊತ್ತಿರಲಿಲ್ಲ, ಸಂಜೆ ತಿಳಿದದ್ದು.

ನಿಶ್ಚಿತಾರ್ಥದ ಬೆಳಿಗ್ಗೆ ಅಮರಪ್ಪ ಅಂಗಳದಲ್ಲಿ ನಿಂತು ಮುಖ ತೊಳೆಯುತ್ತಿದ್ದಾಗ ಕಾಗೆಯೊಂದು ಹಾರಿ ಬಂದು ಅವರ ತಲೆಗೆ ಬಡಿದು ಹೋಯಿತು. ಕಾಗೆ ಬಡಿದರೆ ಜೀವಕ್ಕೆ ಕೇಡು ಎಂಬುದು ನಮ್ಮ ಕಡೆಯ ನಂಬಿಕೆ. ಅದಕ್ಕೆ ಪರಿಹಾರವೂ ಉಂಟು. ಬಡಿಸಿಕೊಂಡವರು ಸತ್ತರೆಂದು ದೂರದ ನೆಂಟರೊಬ್ಬರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅತ್ತರೆ, ಬಂದ ಸಾವು ತನ್ನ ಪಾಲಿನ ಅಳು ಸಿಕ್ಕಿತೆಂದು ಹೊರಟುಹೋಗುತ್ತದೆ. ಆಮೇಲೆ ನಿಜ ಹೇಳಿ, ಅತ್ತವರಿಗೆ ಸಿಹಿ ಊಟ ಹಾಕಿ ಕಳಿಸುವುದು. ಅಳು ಮಾತ್ರ ಖರೆ ಇರಬೇಕು. ಗುಟ್ಟು ಗೊತ್ತಾದ ನೆರೆಹೊರೆಯವರು ಬಾಯಿ ಬಿಡಬಾರದು. ಅಮರಪ್ಪನವರ ಮನೆತನದಲ್ಲಿ ಇನ್ನೂ ಒಂದು ಕಟ್ಟಳೆ ಇತ್ತು: ಅಳುವವರು ಬಂದು ಕಣ್ಣಾರೆ ನೋಡುವವರೆಗೆ 'ಸತ್ತವರು' ತುಟಿ ಬಿಚ್ಚುವಂತಿಲ್ಲ.

ಸುಳ್ಳು ಸುದ್ದಿಯ ಹಾವಳಿಯ ಬಗ್ಗೆ ನಾನು ಎಷ್ಟೋ ಬರೆದಿದ್ದೇನೆ. ಸುಳ್ಳನ್ನು ಔಷಧಿಯಂತೆ ಅಳೆದು, ಒಂದೇ ಮನೆಗೆ ಕೊಟ್ಟು, ಅದೇ ದಿನ ವಾಪಸು ತೆಗೆದುಕೊಳ್ಳುತ್ತಿದ್ದ ಹಿರಿಯರ ಶಿಸ್ತಿನ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಸುದ್ದಿ ಹೋಗಬೇಕಾದದ್ದು ಲಿಂಗಸುಗೂರಿನಲ್ಲಿರುವ ಅಮರಪ್ಪನವರ ಅಕ್ಕ ಗಂಗಮ್ಮನಿಗೆ. ಇಲ್ಲೇ ತೊಡಕು ಇತ್ತು. ಗಂಗಮ್ಮ ಹೀಗೆ ಹಿಂದೆ ಎರಡು ಸಲ ಮೋಸ ಹೋಗಿದ್ದರು. ಅವರ ಅಳು ಚೆನ್ನಾಗಿ ಫಲಿಸುತ್ತದೆ ಎಂದು ಬಳಗದಲ್ಲಿ ಯಾರಿಗೆ ಕಾಗೆ ಬಡಿದರೂ ಅವರಿಗೇ ಸುದ್ದಿ. "ಇನ್ನ ನಾ ಅಳಂಗಿಲ್ಲ. ನಮ್ಮ ಅಮರಪ್ಪನ ಮೈಕಿನಾಗ ಕೇಳಿದ್ರ ಅಷ್ಟ ನಂಬ್ತೀನಿ" ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಈಗ ಸತ್ತವರು ಅಮರಪ್ಪನವರೇ. ಅವರು ಬಾಯಿ ಬಿಡುವಂತಿಲ್ಲ.

ದಾರಿ ಕಂಡುಹಿಡಿದವರು ಅಮರಪ್ಪನವರ ಹೆಂಡತಿ ಶಾಂತಮ್ಮನ ತಮ್ಮ ಬಸವರಾಜ. ಮಸ್ಕಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಐವತ್ತರ ಆಸುಪಾಸಿನ ಮನುಷ್ಯ. ಮದುವೆಯ ವಿಡಿಯೋಗಳಲ್ಲಿ ತೀರಿಹೋದ ಅಜ್ಜಂದಿರನ್ನು ಎಬ್ಬಿಸಿ ಮೊಮ್ಮಕ್ಕಳ ಮೇಲೆ ಅಕ್ಷತೆ ಹಾಕಿಸುವುದರಲ್ಲಿ ಅವರು ಹೆಸರುವಾಸಿ. ಭಾವನ ದನಿಯ ರೆಕಾರ್ಡುಗಳಿಗೆ ಕೊರತೆಯೇ? ಅವನ್ನು ದನಿ ನಕಲು ಮಾಡುವ ಯಂತ್ರಕ್ಕೆ ಉಣ್ಣಿಸಿ, ಭಾವನ ಹಳೆಯ ಫೋಟೋವೊಂದಕ್ಕೆ ಬಾಯಿ ಆಡಿಸಿ, ಚಿಕ್ಕದೊಂದು ವಿಡಿಯೋ ಮಾಡಿದರು. "ಕೇಳ್ರಿ ಬಂಧುಗಳೇ" ಎಂದು ಫೋಟೋದ ಅಮರಪ್ಪ ಶುರು ಮಾಡುತ್ತಾರೆ. ಒಂದು ಉಸಿರು ನಿಲ್ಲಿಸುತ್ತಾರೆ. "ನಮ್ಮೂರಿನ ಮೈಕ್ ಅಮರಪ್ಪನವರು ಇಂದು ಮುಂಜಾನೆ ಶಿವನ ಪಾದ ಸೇರಿದರೆಂದು ತಿಳಿಸಲು ವಿಷಾದಿಸುತ್ತೇವೆ" ಎನ್ನುತ್ತಾರೆ. ತುಟಿ ಸರಿಯಾಗಿಯೇ ಆಡುತ್ತಿತ್ತು. ಕಣ್ಣು ಮಾತ್ರ ಮಿಟುಕಲಿಲ್ಲ.

ಅದನ್ನು ಲಿಂಗಸುಗೂರಿಗೆ ಕಳಿಸಿ, ಅಕ್ಕನನ್ನು ಕರೆತರಲು ಬಸವರಾಜ ಜೀಪು ಹತ್ತಿದರು. ಇತ್ತ ಶಾಂತಮ್ಮ ಮನೆಯಲ್ಲಿದ್ದ ಮೊಬೈಲುಗಳನ್ನೆಲ್ಲ ಬಂದ್ ಮಾಡಿ ಜೋಳದ ಡಬ್ಬಿಯಲ್ಲಿ ಹೂತಿಟ್ಟರು. ಮಗಳದನ್ನೂ ಬಿಡಲಿಲ್ಲ. "ನಿನ್ನ ಬಾಯಾಗ ಖರೇ ಮಾತು ನಿಂದ್ರಂಗಿಲ್ಲ, ಕೊಡಿಲ್ಲೆ" ಎಂದು ಕಸಿದುಕೊಂಡರಂತೆ. ಅಮರಪ್ಪ ಒಳಕೋಣೆಯ ಗೋಡೆಗೆ ಒರಗಿ ಕುಳಿತು ಸತ್ತರು.

ಒಂದೇ ಮನೆಗೆ ಹೋದ ಔಷಧಿಯನ್ನು ಗಂಗಮ್ಮನ ಸೊಸೆ, ಅತ್ತೆಯ ಅಳು ಕೇಳಿ ಗಾಬರಿಯಾಗಿ, ಬಳಗದ ಗ್ರೂಪಿಗೆ ಹಾಕಿದಳು. ಅಲ್ಲಿಂದ ಮಸ್ಕಿಗೆ ಬಂತು. ಬಂಡೆಯ ಮೇಲೆ ಕೊರೆದ ಅರಸನ ಮಾತನ್ನು ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಕಾಯ್ದುಕೊಂಡು ಬಂದ ಊರು ಮಸ್ಕಿ. ಅಂಗೈಗೆ ಬಂದ ಮಾತನ್ನು ಒಂದು ಗಳಿಗೆಯೂ ಇಟ್ಟುಕೊಳ್ಳಲಿಲ್ಲ. ಮನೆಗೆ ಓಡಿಬಂದ ನೆರೆಯವರಿಗೆ ಶಾಂತಮ್ಮ ಬಾಗಿಲಲ್ಲೇ "ಕಾಗಿ ಬಡಿದೈತಿ, ಸುಮ್ಮಿರ್ರಿ" ಎಂದರು. ಅವರು ಮರ್ಯಾದಸ್ಥರು, ಸುಮ್ಮನಾದರು. ಹೀಗೆ ಸುಳ್ಳು ಗ್ರೂಪಿನಿಂದ ಗ್ರೂಪಿಗೆ ಓಡುತ್ತಿತ್ತು; ನಿಜ ಗೊತ್ತಿದ್ದವರು ಶಾಸ್ತ್ರಕ್ಕೆ ಕಟ್ಟುಬಿದ್ದು ಬಾಯಿ ಮುಚ್ಚಿಕೊಂಡಿದ್ದರು.

ಇನ್ನು ನಾನು ಕಂಡದ್ದು.

ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೋ ಸಿಂಧನೂರಿನ ನಮ್ಮ ಕಚೇರಿಗೆ ಬಂತು. ಜೊತೆಗೆ ಮುಖಂಡರ ಸಂತಾಪಗಳೂ ಬರತೊಡಗಿದವು. ಪುಟ ಕಟ್ಟುವ ಖಾಜಾ ಅಮರಪ್ಪನವರ ಫೋಟೋ ಇಟ್ಟು ಒಂದು ಚೌಕಟ್ಟು ಮಾಡಿಯೂ ಆಗಿತ್ತು. ನಾನು ವಿಡಿಯೋವನ್ನು ಮತ್ತೆ ಹಾಕಿ ನೋಡಿದೆ.

"ತನ್ನ ಸಾವನ್ನ ತಾನ ಹೆಂಗ ಒದರ್ತಾನೋ ಖಾಜಾ?"

"ಮೊದಲ ರೆಕಾರ್ಡ್ ಮಾಡಿ ಇಟ್ಟಿರಬೇಕ್ರಿ ಅಕ್ಕಾರ. ಅಮರಪ್ಪ ಯಾವ ಕೆಲಸಾನೂ ಮಂದಿ ಮ್ಯಾಲ ಬಿಡೋ ಮನಿಶ್ಯಾ ಅಲ್ಲ" ಎಂದ ಖಾಜಾ. ಗ್ರೂಪುಗಳಲ್ಲಿಯೂ ಎಲ್ಲರೂ ಇದನ್ನೇ ಬರೆದು ಮೆಚ್ಚಿಕೊಂಡಿದ್ದರು.

ಮನೆಯವರ ಬಾಯಿಂದ ಕೇಳದೆ ಸಾವಿನ ಸುದ್ದಿ ಹಾಕಬಾರದು ಎಂಬುದು ನಮ್ಮ ನಿಯಮ. ಅಮರಪ್ಪನವರಿಗೆ ಫೋನ್ ಮಾಡಿದೆ. ಬಂದ್. ಮನೆಯ ಉಳಿದ ನಂಬರುಗಳೂ ಬಂದ್. ಅವರ ಅಂಗಡಿ ಪಕ್ಕದ ಕಿರಾಣಿಯವರಿಗೆ ಮಾಡಿದರೆ, "ನಾ ಏನೂ ಹೇಳಂಗಿಲ್ರಿ ಅಕ್ಕಾರ. ಸಂಜೀಕ ಕೇಳ್ರಿ" ಎಂದು ಇಟ್ಟುಬಿಟ್ಟರು. ಸತ್ತರೆ ಸತ್ತರು ಅನ್ನಬೇಕು, ಬದುಕಿದ್ದರೆ ಬದುಕಿದ್ದಾರೆ ಅನ್ನಬೇಕು. ಸಂಜೆಗೆ ತೀರ್ಮಾನವಾಗುವ ಸಾವು ಯಾವುದು? ಚೌಕಟ್ಟನ್ನು ತಡೆಹಿಡಿಯಲು ಹೇಳಿದೆ.

ಆಗ ಕಚೇರಿಯ ಹಳೆಯ ಫೋನು ಹೊಡೆದುಕೊಂಡಿತು. ತಂತಿಯ ಫೋನು; ಕರೆದವರ ನಂಬರು ತೋರಿಸುವ ಪೈಕಿ ಅಲ್ಲ. ಖಾಜಾ ಎತ್ತಿಕೊಂಡ. ಸ್ವಲ್ಪ ಹೊತ್ತು ಕೇಳಿದ. ರಿಸೀವರನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ, ನನ್ನ ಕಡೆ ಚಾಚಿದ.

"ತೊಗೋರಿ ಅಕ್ಕಾರ. ಸತ್ತೋರು ಮಾತಾಡಾಕತ್ತಾರ."

ತೆಗೆದುಕೊಂಡೆ.

"ಯವ್ವಾ, ಮಸ್ಕಿ ಅಮರಪ್ಪ ಮಾತಾಡಾಕತ್ತೀನಿ. ನಾ ಸತ್ತಿಲ್ಲ. ಹಾಕಬ್ಯಾಡ."

ಮೂರು ತಾಲೂಕು ಕೇಳಿದ ದನಿ ಅದು, ಅನುಮಾನವಿಲ್ಲ. ಆದರೆ ಆಗಷ್ಟೇ ಅದೇ ದನಿ ತಾನು ಸತ್ತೆನೆಂದು ಹೇಳಿದ್ದನ್ನೂ ಕೇಳಿದ್ದೆ. ಇವರು ಅಮರಪ್ಪನವರೇ ಹೌದೆಂದು ಹೇಗೆ ನಂಬುವುದು? ಕೇಳಿಯೇಬಿಟ್ಟೆ: "ಹಂಗಾದ್ರ ಹೇಳ್ರಿ, ನಮ್ಮ ಕಚೇರಿಗೆ ಕಡೀಕ ಯಾವಾಗ ಬಂದಿದ್ರಿ?"

"ಎಮ್ಮಿ ಕಳಕೊಂಡಾವನ ಜಾಹೀರಾತು ಕೊಡಾಕ ಬಂದಿದ್ದೆ. ನೀ ಚಾ ಕೊಟ್ಟಿ. ಅದರಾಗ ಸಕ್ರಿ ಇರಲಿಲ್ಲ. ನಾ ಬಾಯಿ ಬಿಟ್ಟು ಹೇಳಲಿಲ್ಲ." ಒಂದು ಉಸಿರು ನಿಂತಿತು. "ಅದಿರಲಿ ಯವ್ವಾ. ದಢೇಸುಗೂರಿನ ಬೀಗರು ನಮ್ಮನಿಗೆ ಬರಾಕತ್ತಿದ್ರು. ಸುದ್ದಿ ಕೇಳಿ ಕಾಲುವಿ ಬ್ರಿಜ್ಜಿನ ಹತ್ರ ಬೇವಿನ ಗಿಡದ ಕೆಳಗ ನಿಂತಾರ. ಮುದುಕಿ ಚಾ ಮುಟ್ಟಿಲ್ಲ. ಅವರು ಹೊಳ್ಳಿ ಹೋದ್ರ ನನ್ನ ಮಗಳ ಲಗ್ನ ಮುರೀತು. ಉಡಿ ಸಾಮಾನು ಒಮ್ಮೆ ಹೊಳ್ಳಿ ಹೊಸ್ತಿಲು ದಾಟಿದ್ರ ಆ ಮುದುಕಿ ಮತ್ತ ಹೊರಗ ತೆಗ್ಯಾಕಿ ಅಲ್ಲ. ಹೋಗವ್ವಾ, ಜಲ್ದಿ ಹೋಗು."

ಫೋನು ಕಟ್ಟಾಯಿತು.

ಎಮ್ಮೆಯ ಜಾಹೀರಾತು ನೆನಪಿತ್ತು. ಚಹಾ ಕೊಟ್ಟದ್ದೂ ನೆನಪಿತ್ತು. ಸಕ್ಕರೆಯ ವಿಷಯ ನನಗೆ ಗೊತ್ತಿರಲಿಲ್ಲ. ಖಾಜಾ ಹಣೆ ಉಜ್ಜಿಕೊಂಡು, "ಅವತ್ತು ನಿಮ್ಮ ಸಕ್ರಿ ಇಲ್ಲದ ಚಾ ಅವರಿಗೆ ಹೋಗಿರಬೇಕ್ರಿ" ಎಂದ.

ಯಾರೋ ಆಟವಾಡುತ್ತಿದ್ದಾರೆಂದೇ ನನ್ನ ಲೆಕ್ಕ. ಆದರೆ ಫೋನಿನ ಮಾತು ನಿಜವೋ ಸುಳ್ಳೋ ಎಂದು ಕುರ್ಚಿಯಲ್ಲಿ ಕುಳಿತು ತೂಗುವುದಕ್ಕಿಂತ ಸೇತುವೆಯ ತನಕ ಹೋಗಿ ನೋಡುವುದು ಸುಲಭ. ಖಾಜಾನ ಬೈಕಿನ ಹಿಂದೆ ಕುಳಿತೆ. ರೈಸ್ ಮಿಲ್ಲುಗಳ ತೌಡಿನ ವಾಸನೆ ದಾಟಿ, ಹುಲ್ಲಿನ ಬಣವೆಗಳ ನಡುವೆ ಮಸ್ಕಿ ರಸ್ತೆ ಹಿಡಿದೆವು.

ಸೇತುವೆಯ ಆಚೆ ಬೇವಿನ ಮರ. ಅದರ ಕೆಳಗೆ ನಿರಾಶ್ರಿತರ ಪುನರ್ವಸತಿ ಊರಾದ ಆರ್.ಎಚ್. ಕ್ಯಾಂಪಿನ ಬಂಗಾಲಿ ದಂಪತಿಯ ಚಹಾದಂಗಡಿ. ಪಕ್ಕದಲ್ಲಿ ಹೂವಿನ ಹಾರ ಕಟ್ಟಿದ ಟೆಂಪೊ ನಿಂತಿತ್ತು. ಹೊಸ ಬಟ್ಟೆ ತೊಟ್ಟ ಮಂದಿ ಹಬ್ಬಕ್ಕೆ ಬಂದವರೂ ಅಲ್ಲ, ಸಾವಿಗೆ ಬಂದವರೂ ಅಲ್ಲ ಎಂಬಂತೆ ನಿಂತಿದ್ದರು. ಹುಡುಗ ರಸ್ತೆಯಂಚಿಗೆ ಹೋಗಿ ಒಂದೇ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದ. ಬೆಂಚಿನ ಮೇಲೆ, ಹುಡುಗಿಗೆ ಉಡಿ ತುಂಬಲು ತಂದ ಅಕ್ಕಿ, ಕೊಬ್ಬರಿ, ಕುಪ್ಪಸದ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹಂಪಮ್ಮ ಕುಳಿತಿದ್ದರು. ಅವರ ಪಕ್ಕದಲ್ಲಿ ಚಹಾದ ಗ್ಲಾಸು. ಮೇಲೆ ಕೆನೆಗಟ್ಟಿತ್ತು.

ಖಾಜಾ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಿಲ್ಲ.

ಹುಡುಗನ ತಂದೆಗೆ ನಾನು ಯಾರೆಂದು ಹೇಳಿ, ಅಮರಪ್ಪ ಬದುಕಿದ್ದಾರೆ, ಈಗಷ್ಟೇ ಮಾತಾಡಿದೆ ಎಂದೆ. ಹುಡುಗ ಓಡಿ ಬಂದ. ಹಂಪಮ್ಮ ಮಾತ್ರ ಕುಳಿತಲ್ಲಿಂದ ಅಲುಗಲಿಲ್ಲ.

"ಎಲ್ಲಿ ಮಾತಾಡಿದಿ?"

"ಫೋನಿನಾಗ ಯಮ್ಮಾ."

"ಸತ್ತೀನಂತ ಹೇಳಿದ್ದೂ ಫೋನಿನಾಗ. ಸತ್ತಿಲ್ಲಂತ ಹೇಳಿದ್ದೂ ಫೋನಿನಾಗ. ದನಿನೂ ಒಂದ. ನಾ ಯಾವ ಅಮರಪ್ಪನ್ನ ನಂಬಲಿ?"

ಎಷ್ಟೋ ವರ್ಷದಿಂದ ಸುದ್ದಿ ಜರಡಿ ಹಿಡಿಯುತ್ತ ಬಂದವಳು ನಾನು. ವಿಡಿಯೋದಲ್ಲಿ ಕಣ್ಣು ಮಿಟುಕುವುದಿಲ್ಲ ನೋಡಿ ಎಂದು ತೋರಿಸಲು ಹೋದೆ. "ನಮ್ಮ ಮನಿಯವರ ಲಗ್ನದ ಫೋಟೋದಾಗೂ ಮಿಟುಕಂಗಿಲ್ಲ, ಹಂಗಂತ ಅದು ಸುಳ್ಳೇನು?" ಎಂದರು. ಮಗನ ಕಡೆ ತಿರುಗಿ, "ಗಾಡಿ ಹೊಳ್ಳಿಸು. ಸಾವಿನ ಮನಿಗೆ ಉಡಿ ಒಯ್ಯಬಾರದು" ಎಂದು ಎದ್ದರು.

ಹುಡುಗನ ಮುಖ ಆರಿದ ಚಹಾದಂತಾಯಿತು. ಅವನು ಟೆಂಪೊದ ಮುಂದೆ ಹೋಗಿ ನಿಂತ. "ಯಮ್ಮಾ, ನಾ ಒಬ್ಬನ ಹೋಗಿ ನೋಡಿ ಬರ್ತೀನಿ. ಅಲ್ಲೀತನಕ ಗಾಡಿ ಹೊಳ್ಳಿಸಬ್ಯಾಡ್ರಿ."

"ನೀ ನೋಡಿ ಬಂದು ಏನು ಹೇಳ್ತಿ ಅನ್ನೋದು ನನಗ ಗೊತ್ತಿಲ್ಲೇನಲೇ? ಆಕೀ ಸಲುವಾಗಿ ಎರಡು ಹಂಗಾಮಿನ ಬೀಜ ತಂದು ಒಟ್ಟಿದಾವ ನೀನು. ಸತ್ತೋನ್ನೂ ಎಬ್ಬಿಸಿ ಕುಂಡ್ರಸ್ತಿ."

ಮಂದಿ ನಕ್ಕರು. ನಗೆ ಹಂಪಮ್ಮನಿಗೂ ತಾಕಿತು. ಅವರು ಗಂಟನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿದರು.

"ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲ. ಓಣಿ ತುದಿಗೆ ನಿಂತು ನೋಡ್ತೀನಿ. ಒಲಿ ಹೊಗಿ ಕಂಡ್ರ ಒಳಗ ಬರ್ತೀನಿ, ಇಲ್ಲಂದ್ರ ಅಲ್ಲಿಂದಾನ ಹೊಳ್ಳಿ ಬರ್ತೀನಿ. ಫೋನಿನಾಗ ಏನ ಬೇಕಾದ್ದು ಮಾಡ್ರಿ, ಒಲಿ ಹೊಗಿ ಮಾಡಿ ತೋರಸ್ರಿ ನೋಡಾನು."

ಟೆಂಪೊ ಹೊರಟಿತು. ನಾವು ಹಿಂದೆ.

ಮಸ್ಕಿಯ ಗುಡ್ಡದ ಮೇಲೆ ಬಿಸಿಲು ಕೆಂಪಾಗುತ್ತಿದ್ದಾಗ ಅಮರಪ್ಪನವರ ಓಣಿಯ ತುದಿ ತಲುಪಿದೆವು. ಹಂಪಮ್ಮ ಇಳಿದು ಹಣೆಗೆ ಕೈ ಹಚ್ಚಿ ನೋಡಿದರು. ಮನೆಯ ಹಿತ್ತಲಿನಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ಹುಡುಗ ಉಸಿರು ಬಿಟ್ಟ. ಆ ಉಸಿರು ಮುಗಿಯುವ ಮೊದಲೇ ಓಣಿಯ ಇನ್ನೊಂದು ತುದಿಯಿಂದ ಜೀಪು ಬಂದು ನಿಂತು, ಅದರಿಂದ ಒಂದು ಅಳು ಇಳಿಯಿತು. ಗಂಗಮ್ಮ ಎದೆ ಬಡಿದುಕೊಳ್ಳುತ್ತ ಹಾಡಿಕೊಂಡು ಅಳುತ್ತಿದ್ದರು.

"ಊರ ಮಂದಿ ಸುದ್ದೆಲ್ಲಾ ಒದರಿದ್ಯೋ ತಮ್ಮಾ... ನ‌ನಗ ನಿನ್ನ ಸುದ್ದಿ ನೀನ ಒದರಿದ್ಯಲ್ಲೋ..."

ಹಿಂದೆ ಬಸವರಾಜ ತಲೆ ತಗ್ಗಿಸಿಕೊಂಡು ಇಳಿದರು. ಒಂದು ಕಡೆ ಒಲೆಯ ಹೊಗೆ, ಇನ್ನೊಂದು ಕಡೆ ಸಾವಿನ ಅಳು. ಹಂಪಮ್ಮ ಎರಡನ್ನೂ ಬದಲಿಸಿ ಬದಲಿಸಿ ನೋಡಿದರು. ಮೂಗನ್ನು ಸ್ವಲ್ಪ ಮೇಲೆತ್ತಿದರು. "ಅಳೋ ಮನ್ಯಾಗಿಂದ ಹೋಳಿಗಿ ವಾಸನಿ ಬರಾಕತ್ತೈತಿ. ಇದೇನು ಸೋಜಿಗಲೇ ಇದು" ಎನ್ನುತ್ತ, ಯಾರಿಗೂ ಕಾಯದೆ ನಡೆದುಬಿಟ್ಟರು. ಶಕುನಕ್ಕಿಂತ ಕುತೂಹಲ ದೊಡ್ಡದು ಎಂದು ಅಂದು ತಿಳಿಯಿತು.

ನಾವು ಬಾಗಿಲಿಗೆ ಬರುವ ಹೊತ್ತಿಗೆ ಒಳಕೋಣೆಯಿಂದ ಅಮರಪ್ಪ ಹೊರಬಂದರು. ಹೊಸ ಧೋತರ, ಹೆಗಲ ಮೇಲೆ ಟವೆಲ್ಲು, ಹಣೆ ತುಂಬ ವಿಭೂತಿ. ಹೊಸ್ತಿಲಲ್ಲಿ ನಿಂತು ಅಕ್ಕನ ಮುಖ ನೋಡಿದರು. ಅಕ್ಕ ತಮ್ಮನನ್ನು ನೋಡಿ ಅರ್ಧಕ್ಕೇ ಅಳು ನಿಲ್ಲಿಸಿದರು. ಅಮರಪ್ಪ ಗಂಟಲು ಸರಿಮಾಡಿಕೊಂಡರು. ಬೆಳಿಗ್ಗೆಯಿಂದ ಅವರು ಆಡಿದ ಮೊದಲ ಮಾತು ಎಂದು ಆಮೇಲೆ ಮನೆಯವರೆಲ್ಲ ಹೇಳಿದ ಮಾತು ಇದು:

"ಅಕ್ಕಾ, ಸಾಕು ಬಿಡ. ಹೋಳಿಗಿ ಆರ್ತಾವ."

ಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಅದೇ ಕೈಯಿಂದ ತಮ್ಮನ ಬೆನ್ನಿಗೆ ಒಂದು ಕೊಟ್ಟರು. "ಮೂರನೇ ಸಲ ಲೇ ಇದು! ಇನ್ನೊಮ್ಮೆ ನಿನಗ ಕಾಗಿ ಬಡೀಲಿ, ನಾನ ಬಂದು ಖರೇ ಮಾಡಿ ಹೋಗ್ತೀನಿ." ಹಂಪಮ್ಮ ನಗತೊಡಗಿದರು. ಕೊನೆಗೆ ಕಂಬ ಹಿಡಿದುಕೊಂಡು ನಕ್ಕರು. "ನಮ್ಮತ್ತೀಗೆ ಕಾಗಿ ಬಡಿದಾಗ ನಾನೂ ಅತ್ತಿದ್ದೆನವ್ವಾ. ಅವಾಗ ಒಬ್ಬಾವ ನಡಕೊಂಡು ಬಂದು ಹೇಳಿ ಹೋಗಿದ್ದ. ಈಗಿನಂಗ ಸೀಮಿಗೆಲ್ಲಾ ಹಂಚಿರಲಿಲ್ಲ" ಎಂದು ಗಂಗಮ್ಮನ ಪಕ್ಕ ಕುಳಿತರು. ದೀಪ ಹಚ್ಚುವ ಹೊತ್ತಿಗೆ ಅನ್ನಪೂರ್ಣಳ ಉಡಿ ತುಂಬಿತು. ಜೋಳದ ಡಬ್ಬಿಯಿಂದ ತೆಗೆದ ಅವಳ ಮೊಬೈಲಿನಲ್ಲಿ ಹುಡುಗನ ಕರೆಗಳ ಸಾಲು ನೋಡಿ ಗೆಳತಿಯರು ಅವಳನ್ನು ಬಹಳ ಕಾಡಿದರು.

ಊಟಕ್ಕೆ ಕುಳಿತಾಗ ನಾನು ಅಮರಪ್ಪನವರಿಗೆ, "ನೀವು ಫೋನ್ ಮಾಡಿದ್ದು ಚೊಲೋ ಆತು ನೋಡ್ರಿ" ಎಂದೆ.

"ಯಾವ ಫೋನು ಯವ್ವಾ?"

ಹೇಳಿದೆ. ಅವರು ಬಾಯಿಗೆ ಒಯ್ದ ತುತ್ತು ಇಳಿಸಿದರು. ಶಾಂತಮ್ಮ ಒಲೆಯ ಹತ್ತಿರದಿಂದಲೇ, "ಕಾಗಿ ಬಡಿದಾಗಿಂದ ನನ್ನ ಕಣ್ಣ ಮುಂದ ಕುಂತಾರ. ನೀರು ಬೇಕಂದ್ರೂ ಕೈ ಸನ್ನಿ ಮಾಡ್ಯಾರ" ಎಂದರು. ಮನೆಯಲ್ಲಿ ಬೇರೆ ಫೋನಿಲ್ಲ. ನಾನು ಬಸವರಾಜರನ್ನು ಬದಿಗೆ ಕರೆದೆ. ಅವರು ಆಣೆ ಮಾಡಿ, ಯಂತ್ರವನ್ನೂ ತೆಗೆದು ತೋರಿಸಿದರು. ಅವರು ಮಾಡಿದ್ದು ಒಂದೇ ವಿಡಿಯೋ, ಮುಂಜಾನೆಯದು. ನಮ್ಮ ಕಚೇರಿಗೆ ಕರೆ ಬಂದ ಹೊತ್ತಿಗೆ ಅವರು ಲಿಂಗಸುಗೂರಿನಲ್ಲಿದ್ದರು. "ಮನಿಮಂದಿಯೆಲ್ಲಾ ಸುತ್ತಗಟ್ಟಿದ್ರು, ಗಂಗಕ್ಕ ನನ್ನ ಹೆಗಲ ಮ್ಯಾಲ ಅಳಾಕತ್ತಿದ್ಲು. ನಾ ಎಲ್ಲಿ ಫೋನ್ ಮಾಡ್ಲಿ ಅಕ್ಕಾರ?" ಎಂದರು. ಗಂಗಮ್ಮನ ಅಳು ಹಿಂದೆ ಕೇಳಿಸುತ್ತಿದ್ದರೆ ನನಗೆ ಕೇಳದೆ ಇರುತ್ತಿರಲಿಲ್ಲ. ಆ ಕರೆಯ ಹಿಂದೆ ಯಾವ ಸದ್ದೂ ಇರಲಿಲ್ಲ.

ಸೇತುವೆಯ ಬಳಿ ನಿಂತದ್ದನ್ನು ಯಾರಿಗೂ ತಿಳಿಸಿಲ್ಲವೆಂದು ದಢೇಸುಗೂರಿನವರು ಹೇಳಿದರು. ಚಹಾದಂಗಡಿಯವರಿಗೆ ಅಮರಪ್ಪ ಯಾರೆಂದೇ ಗೊತ್ತಿಲ್ಲ. ದೂರವಾಣಿ ಕಚೇರಿಯಲ್ಲಿ ವಿಚಾರಿಸಿದೆ. ಆ ಹಳೆಯ ಸಂಪರ್ಕಕ್ಕೆ ಬಂದ ಕರೆಗಳ ವಿವರ ಉಳಿಯುವುದಿಲ್ಲವಂತೆ. ಎಲ್ಲ ನನ್ನ ಭ್ರಮೆ ಎನ್ನೋಣವೆಂದರೆ ಫೋನು ಮೊದಲು ಎತ್ತಿದವನು ಖಾಜಾ. ಸಕ್ಕರೆಯ ಮಾತನ್ನು ಅಮರಪ್ಪನವರಿಗೆ ಹೇಳಿದಾಗ ಅವರು ಬಹಳ ಸಂಕೋಚಪಟ್ಟರು. "ಖರೇ ಐತವ್ವಾ. ಆದ್ರ ನಾ ಅದನ್ನ ಯಾರ ಮುಂದೂ ಆಡಿಲ್ಲ. ಕೊಟ್ಟ ಚಾಕ್ಕ ಹೆಸರಿಡಬಾರದು."

ಹಂಪಮ್ಮನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಮಗಳ ಕಾರ್ಯ ಕೆಡಾಕತ್ತಿತ್ತು. ಬಾಯಿ ಕಟ್ಟಿದ್ರ ದನಿ ಸುಮ್ಮ ಕುಂದ್ರತೈತೇನು?" ಎಂದು ಎಲೆ ಅಡಿಕೆ ಹಾಕಿಕೊಂಡರು. ಖಾಜಾ ಅದನ್ನೇ ನಂಬಿದ್ದಾನೆ. ನಾನು ನಂಬಿಲ್ಲ. ಆದರೆ ಅದರ ಜಾಗದಲ್ಲಿ ಇಡಲು ನನ್ನ ಬಳಿ ಬೇರೆ ಏನೂ ಇಲ್ಲ. ಯಾರಾದರೂ ಕುಶಾಲಿಗೆ ಮಾಡಿದ ನಕಲಿ ದನಿ ಎಂದುಕೊಂಡರೆ ಅರ್ಧ ಮಾತ್ರ ಬಗೆಹರಿಯುತ್ತದೆ. ನಾನು ಕಂಡ ನಕಲಿ ದನಿಗಳು ಯಾವಾಗಲೂ ಸುಳ್ಳು ಹೇಳಲು ಬಂದಿವೆ. ನಿಜ ಹೇಳಿ, ಒಂದು ಮನೆ ಉಳಿಸಿ, ಗುರುತು ಬಿಡದೆ ಹೋದದ್ದು ಇದೊಂದೇ.

ಅಂದು ಕಚೇರಿಗೆ ಮರಳಿ ಸುದ್ದಿ ಬರೆದೆ: ಅಮರಪ್ಪ ಕ್ಷೇಮವಾಗಿದ್ದಾರೆ, ಹರಿದಾಡುತ್ತಿರುವ ವಿಡಿಯೋ ಸುಳ್ಳು. ಹಾಗೆಂದು ಕಚೇರಿಗೆ ಮೊದಲು ಫೋನ್ ಮಾಡಿ ತಿಳಿಸಿದವರು ಯಾರೆಂದು ಸಂಪಾದಕರು ಕೇಳಿದರು. "ಸ್ವತಃ ಅಮರಪ್ಪ" ಎಂದು ಸೇರಿಸಿದೆ. ಅಚ್ಚಾಯಿತು. ನನ್ನ ಹೆಸರಿನಲ್ಲಿ ಬಂದ ವರದಿಗಳಲ್ಲಿ, ನಿಜವೋ ಸುಳ್ಳೋ ಎಂದು ನಾನೇ ಹೇಳಲಾರದ ಸಾಲು ಅದೊಂದೇ.

ಈಗಲೂ ಮಸ್ಕಿಗೆ ಹೋದರೆ ಅಮರಪ್ಪ ಅಂಗಡಿಯಿಂದ ಎದ್ದು ಬರುತ್ತಾರೆ. ಚಹಾ ತರಿಸಿ, "ಸಕ್ರಿ ಹಾಕಸೀನಿ" ಎಂದು ನಗುತ್ತಾರೆ. ಅನ್ನಪೂರ್ಣಳ ಸುದ್ದಿ ಹೇಳುತ್ತಾರೆ. ಗಂಡ ಈಗ ಬೀಜವನ್ನು ಸಿಂಧನೂರಿನಲ್ಲೇ ಕೊಳ್ಳುತ್ತಾನಂತೆ. ಬಸವರಾಜ ಮಾಡಿದ ವಿಡಿಯೋವನ್ನು ಅವರು ಎಂದೋ ಮನ್ನಿಸಿದ್ದಾರೆ. ಅದರಲ್ಲಿ ತಮ್ಮ ದನಿ ಡಬ್ಬಿಯೊಳಗಿಂದ ಬಂದಂತಿದೆ ಎನ್ನುತ್ತಾರೆ. ಅವರನ್ನು ಕಾಡುವುದು ಇನ್ನೊಂದು. ಚಹಾ ಮುಗಿಯುವ ಹೊತ್ತಿಗೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಯಾರಿಗೂ ಕೇಳದ ಹಾಗೆ ಕೇಳುತ್ತಾರೆ:

"ಯವ್ವಾ, ಖರೇ ಹೇಳು. ಆ ಫೋನಿನಾಗಿನ ದನಿ ಹೆಂಗಿತ್ತು? ನನ್ನಕಿಂತ ಚೊಲೋ ಇತ್ತೇನು?"

ನಿಮ್ಮಂತೆಯೇ ಇತ್ತು ಎಂದು ಹೇಳಿ ಎದ್ದು ಬರುತ್ತೇನೆ. ಮೈಕ್ ಹಿಡಿದೇ ಬದುಕಿದ ಮನುಷ್ಯ ಅವರು. ವಯಸ್ಸಾಗಿದೆ, ಈಚೆಗೆ ಮಾತಿನ ನಡುವೆ ಕೆಮ್ಮು ಬರುತ್ತದೆ. ಆ ದನಿಗೆ ಕೆಮ್ಮು ಇರಲಿಲ್ಲ.